ದಣಿದವರ ಕೈಗೊಂದು ಸಣ್ಣ ಕೆಲಸ

ಮಾನ್ಯ ಸಂಪಾದಕರೇ,

ಮಳೆಗಾಲ ಬಂತೆಂದರೆ ಬೆಂಗಳೂರಿನ ಮನೆಮನೆಯಲ್ಲಿ ಡೆಂಗಿ, ಚಿಕೂನ್‌ಗುನ್ಯದ ಮಾತು. ಜ್ವರವೇನೋ ವಾರದೊಳಗೆ ಇಳಿಯುತ್ತದೆ, ಸುಸ್ತು ಇಳಿಯುವುದಿಲ್ಲ. ಹಲವರಿಗೆ ಅದು ವಾರಗಟ್ಟಲೆ ಇರುತ್ತದೆ. ಚಿಕೂನ್‌ಗುನ್ಯ ಆದವರಿಗೆ ಕೀಲುನೋವು ಸೇರಿ ತಿಂಗಳುಗಳೇ ಹಿಡಿಯಬಹುದು. ಪ್ಲೇಟ್‌ಲೆಟ್ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ಆಮೇಲಿನ ಉದ್ದುದ್ದ ಮಧ್ಯಾಹ್ನಗಳನ್ನು ಕಳೆಯುವುದು ಹೇಗೆಂದು ಹೇಳುವವರು ಕಡಿಮೆ. ‘ಸುಮ್ನೆ ಮಲಕ್ಕೋ’ ಅನ್ನುತ್ತಾರೆ ಮನೆಯವರು. ಮಲಗಿದವರು ಮೊಬೈಲ್ ಹಿಡಿಯುತ್ತಾರೆ. ಎತ್ತಿ ಹಿಡಿದ ತೋಳು ಸೋತು, ಕಣ್ಣು ಉರಿದು, ಒಂದರ ಹಿಂದೊಂದು ವಿಡಿಯೊದಲ್ಲಿ ಎರಡು ಗಂಟೆ ಕಳೆದ ಮೇಲೆ ಸುಸ್ತು ಇನ್ನಷ್ಟು ಹೆಚ್ಚಿರುತ್ತದೆ.

ಇಲ್ಲಿ ಬರೆಯುತ್ತಿರುವುದೆಲ್ಲ ವೈದ್ಯರು ‘ಇನ್ನು ಭಯವಿಲ್ಲ’ ಅಂದ ಮೇಲಿನ ದಿನಗಳಿಗೆ. ಡೆಂಗಿಯಲ್ಲಿ ಜ್ವರ ಬಿಟ್ಟ ಮೊದಲ ಒಂದೆರಡು ದಿನವೇ ಕಟ್ಟೆಚ್ಚರದ ದಿನ. ಆಗ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ ಕಂಡರೆ ನೇರ ಆಸ್ಪತ್ರೆಗೇ ಹೋಗಬೇಕು.

ಮೊದಲು ತಿಳಿಯಬೇಕಾದದ್ದು ಅಳತೆ. ಅರ್ಧ ಗಂಟೆ ಮಾಡಬಲ್ಲೆ ಅನ್ನಿಸಿದರೆ ಕಾಲು ಗಂಟೆಗೇ ನಿಲ್ಲಿಸಬೇಕು, ಚೆನ್ನಾಗಿ ಸಾಗುತ್ತಿದ್ದರೂ ನಿಲ್ಲಿಸಬೇಕು. ಇಂತಹ ದಣಿವು ಅನೇಕರಲ್ಲಿ ಅಂದೇ ಗೊತ್ತಾಗುವುದಿಲ್ಲ. ಇವತ್ತು ಹುಮ್ಮಸ್ಸಿನಲ್ಲಿ ಕಪಾಟು ಜೋಡಿಸಿದವರು ನಾಳೆ ಹಾಸಿಗೆಯಿಂದ ಏಳಲಾರರು. ಎಷ್ಟು ಮಾಡಬಹುದೆಂದು ಹೇಳುವುದು ಮಾರನೆಯ ಬೆಳಿಗ್ಗೆ: ಎದ್ದಾಗ ಹಿಂದಿನ ದಿನದಷ್ಟೇ ಹಗುರವಿದ್ದರೆ ಅಷ್ಟನ್ನೇ ಇನ್ನೆರಡು ದಿನ ಮಾಡಿ, ಆಮೇಲೆ ಐದು ನಿಮಿಷ ಹೆಚ್ಚಿಸಿಕೊಳ್ಳಿ. ಭಾರವಿದ್ದರೆ ಅರ್ಧಕ್ಕೆ ಇಳಿಸಿ. ಮೊಬೈಲ್‌ನಿಂದ ಈ ಹೊತ್ತಿನಲ್ಲಿ ಆಗುವ ಉಪಕಾರವೆಂದರೆ ಅಲಾರಂ.

ಕೈಗೆ ಯಾವ ಕೆಲಸ ಅಂದರೆ, ಮೊದಲು ಮೆಂತ್ಯ ಎನ್ನುತ್ತೇನೆ. ದಿನಕ್ಕೆ ಐದೇ ನಿಮಿಷ ಕೇಳುತ್ತದೆ, ಆದರೂ ಪ್ರತಿದಿನ ನೋಡಲು ಹೊಸದೇನಾದರೂ ಇರುತ್ತದೆ. ಪಿ.ಜಿ.ಯ ಒಂದೇ ಕಿಟಕಿಯ ಕೋಣೆಯಲ್ಲಿ ಒಬ್ಬರೇ ಮಲಗಿರುವ ಹುಡುಗ ಹುಡುಗಿಯರಿಗೂ ಆಗುವಂಥದ್ದು. ಅರ್ಧ ಕೆ.ಜಿ.ಯ ಮೊಸರಿನ ಡಬ್ಬಿಗೆ ತಳದಲ್ಲಿ ಮೂರು ನಾಲ್ಕು ತೂತು, ಒಳಗೆ ಎರಡು ಅಂಗುಲ ಮಣ್ಣು ಮತ್ತು ತೆಂಗಿನ ನಾರಿನ ಪುಡಿ ಸಮಸಮ. ಇಷ್ಟನ್ನು ಬೇರೆಯವರು ಮಾಡಿಕೊಡಲಿ, ರೋಗಿ ಮಣ್ಣು ಹೊರಬಾರದು. ಅಡುಗೆಮನೆಯ ಮೆಂತ್ಯವೇ ಸಾಕು. ಎರಡು ಚಮಚ ಕಾಳನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಬಸಿದು ಒದ್ದೆ ಬಟ್ಟೆಯಲ್ಲಿ ಒಂದು ದಿನ ಕಟ್ಟಿಡಿ. ಮೊಳಕೆ ಇಣುಕಿದ ಕಾಳನ್ನು ಒಂದರ ಮೇಲೊಂದು ಕೂರದಂತೆ ಹರಡಿ, ಮೇಲೆ ಕಾಲು ಅಂಗುಲ ಮಣ್ಣು ಉದುರಿಸಿ. ಮೂರು ನಾಲ್ಕು ದಿನಕ್ಕೆ ಹಸಿರು ತಲೆ ಎತ್ತುತ್ತದೆ. ಹತ್ತನೆಯ ದಿನದ ಹೊತ್ತಿಗೆ ಕತ್ತರಿಯಲ್ಲಿ ಕತ್ತರಿಸಿ ಚಪಾತಿ ಹಿಟ್ಟಿಗೋ ತಂಬುಳಿಗೋ ಹಾಕಬಹುದು. ಪೇಟೆಯಲ್ಲಿ ಸಿಗುವಷ್ಟು ಎತ್ತರದ ಸೊಪ್ಪಾಗಲು ಮೂರು ನಾಲ್ಕು ವಾರ ಬೇಕು.

ಕೆಡುವುದು ಹೆಚ್ಚಾಗಿ ನೀರಿನಿಂದ. ಲೋಟದಿಂದ ಸುರಿದರೆ ಕಾಳೆಲ್ಲ ಕೊಚ್ಚಿ ಒಂದು ಮೂಲೆಗೆ ಸೇರಿ ಕೊಳೆಯುತ್ತದೆ. ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಲ್ಲಿ ಎಂಟು ಹತ್ತು ತೂತು ಮಾಡಿ ಚಿಮುಕಿಸಬೇಕು. ಬಟ್ಟೆ ಬಿಚ್ಚಿದಾಗ ಬೇರಿನ ಸುತ್ತ ಬಿಳಿ ನೂಲು ಕಂಡರೆ ಬೂಷ್ಟು ಹಿಡಿಯಿತೆಂದು ಎಸೆಯುವವರಿದ್ದಾರೆ. ನೀರು ಚಿಮುಕಿಸಿ ನೋಡಿ, ಕಾಣದಂತಾದರೆ ಅದು ಬೇರಿನ ರೋಮ. ಬೂಷ್ಟಾದರೆ ಉಳಿಯುತ್ತದೆ, ವಾಸನೆಯೂ ಬರುತ್ತದೆ. ಕಾಂಡ ಬಿಳಿಚಿಕೊಂಡು ಉದ್ದವಾಗಿ ಬಾಗಿದರೆ ಬೆಳಕು ಸಾಲದು, ಕಿಟಕಿಗೆ ಹತ್ತಿರ ಸರಿಸಿ ದಿನಕ್ಕೊಮ್ಮೆ ಡಬ್ಬಿ ತಿರುಗಿಸಿ. ಇನ್ನೊಂದು ಮಾತನ್ನು ದಯವಿಟ್ಟು ಮರೆಯಬೇಡಿ. ಡಬ್ಬಿಯ ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ದಿನವೂ ಚೆಲ್ಲಬೇಕು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ಇಂಥ ತಿಳಿನೀರಿನ ಜಾಗದಲ್ಲೇ, ಮೊಟ್ಟೆ ಸೊಳ್ಳೆಯಾಗಲು ವಾರ ಹತ್ತು ದಿನ ಸಾಕು.

ಜೊತೆಗೆ ಒಬ್ಬರಿದ್ದರೆ ಅಳಗುಳಿ ಮಣೆ ಬಹಳ ಒಳ್ಳೆಯದು. ಎದುರುಬದುರು ಏಳೇಳು ಗುಳಿ, ಗುಳಿಗೆ ಐದರಂತೆ ಎಪ್ಪತ್ತು ಹುಣಸೆ ಬೀಜ. ಮಣೆ ಇಲ್ಲದಿದ್ದರೆ 14 ಪೇಪರ್ ಕಪ್‌ಗಳನ್ನು ಮೊರದಲ್ಲಿ ಜೋಡಿಸಿ. ಹಾಸಿಗೆಯ ಮೇಲೆ ಬೀಜ ಚೆಲ್ಲಿದರೂ ಮೊರದಲ್ಲೇ ಉಳಿಯುತ್ತದೆ. ತಮ್ಮ ಕಡೆಯ ಒಂದು ಗುಳಿಯನ್ನು ಬರಿದು ಮಾಡಿ ಮುಂದಿನ ಗುಳಿಗಳಿಗೆ ಒಂದೊಂದೇ ಬೀಜ ಬಿಡುತ್ತ ಹೋಗುವುದು, ಕೈ ಖಾಲಿಯಾದಾಗ ಮುಂದಿನ ಗುಳಿಯದನ್ನು ತೆಗೆದು ಮುಂದುವರಿಸುವುದು, ಮುಂದಿನದು ಬರಿದಾಗಿದ್ದರೆ ಅದರಾಚೆಗಿನದನ್ನು ಗೆದ್ದುಕೊಂಡು ಎದುರಿನವರಿಗೆ ಸರದಿ ಬಿಟ್ಟುಕೊಡುವುದು. ಮಿಕ್ಕ ನಿಯಮ ಮನೆಯಿಂದ ಮನೆಗೆ ಬೇರೆ. ಇದರಲ್ಲಿ ಅವಸರವಿಲ್ಲ, ನಡುವೆ ಕಣ್ಣು ಮುಚ್ಚಿ ಕೂತರೂ ಬೀಜಗಳು ಇದ್ದಲ್ಲೇ ಇರುತ್ತವೆ. ಚಿಕೂನ್‌ಗುನ್ಯದಿಂದ ಬೆರಳು ಮಡಚಲಾಗದವರು ಬೀಜ ಹೆಕ್ಕುವ ಹಟ ಮಾಡದೆ ಯಾವ ಗುಳಿ ಎಂದು ಬಾಯಲ್ಲಿ ಹೇಳಲಿ, ಎದುರಿನವರು ಆಡಿಸಲಿ. ಅಂಥವರಿಗೆ ಹೂ ಕಟ್ಟುವುದು, ಕ್ರೋಶಾ ಈಗ ಬೇಡ. ಬೀಜಕ್ಕೆ ಗುಲಗಂಜಿ ಬಳಸುವ ಪದ್ಧತಿಯೂ ಇದೆ. ನೋಡಲು ಚೆಂದ, ಆದರೆ ಸಿಪ್ಪೆ ಒಡೆದು ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಮಕ್ಕಳಿರುವ ಮನೆಯಲ್ಲಿ ಅದನ್ನು ಇಡಲೇಬೇಡಿ.

ಕಣ್ಣು ತೆರೆಯಲೂ ಬೇಸರವಾದ ದಿನ ರೇಡಿಯೊ ಇದೆ. ಆಕಾಶವಾಣಿಯ 101.3, 102.9 ಎರಡೂ ಬೆಂಗಳೂರಿನಲ್ಲಿ ಸಿಗುತ್ತವೆ. ದನಿ ಮಾತು ಕೇಳಿಸುವಷ್ಟೇ ಇರಲಿ.

ಮನೆಯವರಿಗೆ ಒಂದು ವಿನಂತಿ. ‘ಮುಗೀತಾ?’ ಎಂದು ಕೇಳಬೇಡಿ, ಕೇಳಿದರೆ ಆಟವೂ ಹೋಂವರ್ಕ್ ಆಗುತ್ತದೆ. ಯಾವುದರಲ್ಲೂ ಮನಸ್ಸು ನಿಲ್ಲದೆ, ನಿದ್ದೆ ಊಟ ಸೇರದೆ ಎರಡು ವಾರ ದಾಟಿದರೆ ಮಾತ್ರ ಇದು ಆಟ ಹುಡುಕುವ ವಿಷಯವಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಕಡೆಯದಾಗಿ ತಮ್ಮ ಪತ್ರಿಕೆಯಿಂದಲೇ ಆಗಬೇಕಾದ ಕೆಲಸ. ಮಲಗಿದವರಿಗೆ ಪದಬಂಧದಷ್ಟು ಅಳತೆಗೆ ಒದಗುವ ಜೊತೆ ಬೇರೆ ಸಿಗದು. ಎರಡು ಸುಳಿವು ಬಿಡಿಸಿ ಮಡಚಿಟ್ಟರೆ ಸಂಜೆಗೂ ಹಾಗೇ ಕಾದಿರುತ್ತದೆ. ಮಲಗಿ ಬರೆಯಲು ಪೆನ್ಸಿಲ್ ಬೇಕು. ಬಾಲ್‌ಪೆನ್ನಿನ ಬರೆಯುವ ತುದಿ ಮೇಲಾದರೆ ಇಂಕು ಅಲ್ಲಿಗೆ ಬಾರದೆ ನಿಲ್ಲುತ್ತದೆ. ಮಂಡಿ ಮಡಚಿ, ಕೆಳಗೆ ದಿಂಬಿಟ್ಟು, ತೊಡೆಗೆ ಪರೀಕ್ಷೆಯ ಪ್ಯಾಡ್ ಒರಗಿಸಿದರೆ ಕತ್ತು ನೋಯುವುದಿಲ್ಲ. ತೊಡಕಿರುವುದು ಚೌಕದಲ್ಲಿ. ಕನ್ನಡದಲ್ಲಿ ಒತ್ತು, ಗುಣಿತ, ಸೊನ್ನೆ ಎಲ್ಲ ಸೇರಿ ಒಂದೇ ಮನೆಯಲ್ಲಿ ಕೂರಬೇಕು. ‘ಬೆಂಗಳೂರು’ ನಾಲ್ಕು ಮನೆ, ‘ಕೃಷ್ಣ’ ಎರಡೇ ಮನೆ. ‘ಷ್ಣ’ದ ಒತ್ತು ಕೆಳಗಿಳಿದು ಇನ್ನೊಂದು ಮನೆಗೆ ನುಗ್ಗಿದರೆ, ನಡುಗುವ ಕೈಯವರಿಗೆ ತಾವು ಬರೆದದ್ದೇ ಓದಲಾಗುವುದಿಲ್ಲ. ಒಂದೊಂದು ಚೌಕ ಕನಿಷ್ಠ 1 ಸೆಂ.ಮೀ. ಇರಲಿ, ಸುಳಿವುಗಳು ಪಕ್ಕದಲ್ಲೇ ದಪ್ಪಕ್ಷರದಲ್ಲಿರಲಿ, ಉತ್ತರ ಮಾರನೆಯ ದಿನ ಬರಲಿ. ಪ್ರತಿದಿನ ಜಾಗ ಸಾಲದಿದ್ದರೆ ಮಳೆಗಾಲದ ನಾಲ್ಕು ತಿಂಗಳು ವಾರಕ್ಕೊಂದು ದಿನವಾದರೂ ಹೀಗೆ ಅಚ್ಚು ಹಾಕಬೇಕೆಂದು ಕೋರುತ್ತೇನೆ.

— ಓದುಗರು, ಹನುಮಂತನಗರ, ಬೆಂಗಳೂರು