ನೀನು ಕೇಳಿದ ಆ ನೇರಳೆ ಹೂವಿನ ಗಿಡದ ಬಗ್ಗೆ

ಪ್ರೀತಿಯ ಗೆಳೆಯ,

ಫೋನಲ್ಲಿ ಅರ್ಧಂಬರ್ಧ ಹೇಳಿದ್ರೆ ನಿಂಗೆ ಸಮಾಧಾನ ಆಗಲ್ಲ ಅಂತ ಗೊತ್ತು, ಹೊರಗೆ ಮಳೆ ಬಿಡೋ ಥರ ಕಾಣ್ತಿಲ್ಲ, ಅದಕ್ಕೇ ಕೂತು ಬರೀತಿದೀನಿ. ಹೋದ್ ಸಲ ಮಡಿಕೇರಿಗೆ ಬಂದಾಗ ನಮ್ಮನೆ ಅಂಗಳದಲ್ಲಿ ನಿಂತು ಇದೇನೋ ಸೂರ್ಯಕಾಂತಿಗೆ ನೇರಳೆ ಬಣ್ಣ ಹಚ್ಚಿದಂಗಿದೆ ಅಂದ್ಯಲ್ಲ, ಅದು ಕೋನ್‌ಫ್ಲವರ್, ಎಕಿನೇಷಿಯಾ ಅಂತಾನೂ ಕರೀತಾರೆ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂ ಎಲ್ಲಾ ಇದರ ನೆಂಟ್ರೇ, ಹುಟ್ಟೂರು ಮಾತ್ರ ದೂರ, ಅಮೆರಿಕದ ಮಧ್ಯ ಮತ್ತೆ ಪೂರ್ವ ಭಾಗ.

ಮೊದಲ ಸಲ ಆರು ಗಿಡ ಇಟ್ಟಿದ್ದೆ, ಗುಲಾಬಿಗೆ ಮಾಡೋ ಹಂಗೇ ಗುಂಡಿ ತೋಡಿ ಕೊಟ್ಟಿಗೆ ಗೊಬ್ಬರ ತುಂಬಿ ದಿನಾ ನೀರು ಹಾಕಿ. ಮೇ ತನಕ ಎಷ್ಟು ಚೆಂದ ಇದ್ವು ಮಾರಾಯ. ಜೂನಲ್ಲಿ ಮಳೆ ಹಿಡ್ಕೊಂಡ್ತು, ಕಕ್ಕಡ, ಅಂದ್ರೆ ಜುಲೈ-ಆಗಸ್ಟಿನ ಜೋರು ಮಳೆ ತಿಂಗಳು, ಬರೋ ಹೊತ್ತಿಗೆ ಎಲೆ ಕಪ್ಪಾಗಿ ಒಂದೊಂದೇ ಮಲಗಿಬಿಟ್ವು, ಒಂದನ್ನ ಮೆಲ್ಲಗೆ ಎಳೆದು ನೋಡಿದ್ರೆ ಬೆಂದ ಕೆಸುವಿನ ದಂಟಿನ ಥರ ಕಿತ್ಕೊಂಡು ಕೈಗೆ ಬಂತು, ಬೇರು ಮಣ್ಣಲ್ಲೇ ಉಳೀತು. ತುಂಬಾ ಬೇಜಾರಾಯ್ತು ಅವತ್ತು. ನಾನು ನಮ್ಮೂರ ಚಳಿಗೆ ಹೋಯ್ತು ಅಂದ್ಕೊಂಡಿದ್ದೆ, ಆದ್ರೆ ಇದು ಚಳಿಗೆ ಸಾಯೋ ಗಿಡಾನೇ ಅಲ್ಲ, ಅದರ ಊರಲ್ಲಿ ಹಿಮ ಬಿದ್ದಾಗ ಮೇಲೆ ಪೂರ್ತಿ ಒಣಗಿ ಬುಡ ಮಾತ್ರ ಮಣ್ಣೊಳಗೆ ಮಲಗಿರುತ್ತೆ, ಚಳಿ ಕಳೆದ್ಮೇಲೆ ಮತ್ತೆ ಚಿಗುರುತ್ತೆ. ಅದನ್ನ ಕೊಲ್ಲೋದು ಬುಡದಲ್ಲಿ ನಿಲ್ಲೋ ನೀರು.

ಆಮೇಲೆ ಬರೆ, ಅಂದ್ರೆ ಮಣ್ಣಿನ ದಿಬ್ಬದ ಪಕ್ಕ ಕಲ್ಲು ಜೋಡಿಸಿ ಒಂದಡಿ ಎತ್ತರ ಮಡಿ ಮಾಡ್ದೆ, ಮಣ್ಣಿಗೆ ಮರಳು ಸಣ್ಣ ಜಲ್ಲಿ ಸೇರಿಸ್ದೆ. ನಮ್ಮ ಮಣ್ಣು ಹುಳಿ ಅಲ್ವಾ, ತೋಟಕ್ಕೆ ತಂದ ಸುಣ್ಣದಲ್ಲೇ ಒಂದೆರಡು ಹಿಡಿ ಹಾಕ್ದೆ. ಗೊಬ್ಬರ ಬಹಳ ಕಡಿಮೆ, ಯಾಕಂದ್ರೆ ಜಾಸ್ತಿ ಕೊಟ್ರೆ ದಂಟು ಉದ್ದಕ್ಕೆ ಎಳೆದು ಗಾಳಿಗೆ ಒರಗಿಬಿಡುತ್ತೆ. ಬಿಸಿಲು ಮಾತ್ರ ದಿನಕ್ಕೆ ಆರು ಗಂಟೆ ಬೇಕೇ ಬೇಕು, ಸಿಲ್ವರ್ ಓಕ್ ನೆರಳಲ್ಲಿ ಬರೀ ಎಲೆ ಬಿಡ್ತಿತ್ತು, ಮರಗಸಿ ಮಾಡಿಸಿ, ಅಂದ್ರೆ ನೆರಳಿನ ಕೊಂಬೆ ಕಡಿಸಿದ್ಮೇಲೇ ಮೊಗ್ಗು ಕಂಡಿದ್ದು.

ಹೂವನ್ನ ಹತ್ರದಿಂದ ನೋಡ್ಬೇಕು ನೀನು. ನಾವು ದಳ ಅಂದ್ಕೊಳ್ಳೋದು ಸುತ್ತ ಕೆಳಗೆ ಜೋತಿರುತ್ತೆ, ನಡುವೆ ಕಿತ್ತಳೆ ಬಣ್ಣದ ಗುಬುಟು, ಅದರ ಮೇಲೆ ಬೆರಳಾಡಿಸಿದ್ರೆ ಎಳೇ ಹಲಸಿನಕಾಯಿ ಮುಟ್ಟಿದಂಗೆ ಚುಚ್ಚುತ್ತೆ. ಎಕಿನೇಷಿಯಾ ಅನ್ನೋ ಹೆಸರೂ ಮುಳ್ಳುಹಂದಿಗೆ ಗ್ರೀಕರು ಹೇಳೋ ಪದದಿಂದಾನೇ ಬಂದಿದ್ದಂತೆ. ಆ ಗುಬುಟಲ್ಲೇ ನೂರಾರು ಪುಟಾಣಿ ಹೂಗಳಿರ್ತವೆ, ಕೆಳಗಿನ ಸುತ್ತು ಮೊದಲು ಅರಳಿ ದಿನ ದಿನಕ್ಕೂ ಮೇಲಕ್ಕೆ ಹೋಗುತ್ತೆ, ಜೇನುಹುಳ ಬಂದು ಅದೇ ಸುತ್ತಲ್ಲೇ ನಡ್ಕೊಂಡು ಒಂದೊಂದಕ್ಕೂ ಬಾಯಿಟ್ಟು ಹೋಗುತ್ತೆ. ಕಾಫಿ ಹೂ ಮುಗಿದ್ಮೇಲೆ ಅವುಕ್ಕೆ ಅಂಗಳದಲ್ಲೇ ಊಟ ಸಿಗ್ತಿದೆ ಅಂತ ನಂಗೆ ಬಹಳ ಖುಷಿ.

ಇದರ ಜೊತೆ ಬೀಜ ಕಳಿಸ್ತಿದೀನಿ. ಒದ್ದೆ ಟಿಶ್ಯೂನಲ್ಲಿ ಸುತ್ತಿ ಡಬ್ಬೀಲಿಟ್ಟು ನಾಲ್ಕು ವಾರ ಫ್ರಿಜ್ಜಲ್ಲಿಡು, ಫ್ರೀಜರಲ್ಲಿ ಬೇಡ. ಆಮೇಲೆ ಬಿತ್ತು, ತೆಳ್ಳಗೆ ಮಣ್ಣು ಮುಚ್ಚು ಸಾಕು, ಎರಡು ಮೂರು ವಾರದಲ್ಲಿ ಮೊಳಕೆ ಬರುತ್ತೆ. ಎಳೇ ಸಸಿ ಅಂದ್ರೆ ಬಸವನಹುಳಕ್ಕೆ ಪ್ರಾಣ, ರಾತ್ರಿ ಟಾರ್ಚ್ ಹಿಡ್ಕೊಂಡು ಒಂದು ಸುತ್ತು ಹಾಕು. ಮೊದಲ ವರ್ಷ ಹೂ ಬಿಡದೇ ಇದ್ರೆ ಕಿತ್ತು ಬಿಸಾಕ್ಬೇಡ ದಯವಿಟ್ಟು, ಸಾಮಾನ್ಯವಾಗಿ ಎರಡನೇ ವರ್ಷಕ್ಕೇ ಅದು ಸರಿಯಾಗಿ ಹೂ ಬಿಡೋದು. ಒಂದು ವೇಳೆ ಹೂವೇ ಹಸಿರಾಗಿ ವಿಕಾರವಾಗಿ ಬಂದು ಅದರೊಳಗಿಂದ ಎಲೆ ಥರ ಹೊರಟ್ರೆ ಮಾತ್ರ ಆ ಗಿಡಾನ ಬುಡ ಸಮೇತ ತೆಗೆದುಬಿಡು, ಅದು ಜಿಗಿಹುಳದಿಂದ ಹರಡೋ ರೋಗ, ಔಷಧಿ ಇಲ್ಲ.

ನಿಮ್ಮ ಮೈಸೂರಲ್ಲಿ ಮಳೆ ಕಾಟ ಇಷ್ಟಿಲ್ಲ, ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಸ್ವಲ್ಪ ಮರೆ ಮಾಡಿದ್ರೆ ಆಯ್ತು. ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಬರ್ತೀಯಲ್ಲ, ನನ್ನ ದೊಡ್ಡ ಬುಡಕ್ಕೆ ನಾಲ್ಕು ವರ್ಷ ಆಗಿರುತ್ತೆ ಆಗ, ಒಡೆದು ಎರಡು ಪಾಲು ತೆಗೆದಿಟ್ಟಿರ್ತೀನಿ, ಬರುವಾಗ ಗೋಣಿಚೀಲ ತಗೊಂಡ್ ಬಾ.

ನಿನ್ನ ಗೆಳೆಯ