ಮೊದಲು ಎಣಿಸು, ಆಮೇಲೆ ಚುಕ್ಕಿ ಇಡು

ಚಿರಂಜೀವಿ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ನೀನು ಲೂಯಿಸ್ ಚುಕ್ಕಿ ಚಿತ್ರಗಳನ್ನು ಬರೆದು ಕಳಿಸಿದ ನೋಟ್‌ಬುಕ್ ಪುಟದ ಫೋಟೊ ದೊಡ್ಡದು ಮಾಡಿಕೊಂಡು ನೋಡಿದೆ. ಒಂದೊಂದು ಚುಕ್ಕಿಯೂ ಪರಮಾಣುವಿನ ಹೊರಕವಚದ ಒಂದು ಎಲೆಕ್ಟ್ರಾನ್, ಬಂಧದ್ದೂ ಸೇರಿ ಪ್ರತಿ ಪರಮಾಣುವಿನ ಸುತ್ತ ಎಂಟು ಆಗಬೇಕು ಅನ್ನೋದು ಲೆಕ್ಕ. ನೀರು, ಅಮೋನಿಯಾ, ಮೀಥೇನ್ ಮೂರೂ ಸರಿ ಇವೆ. ಕಾರ್ಬನ್ ಡೈಆಕ್ಸೈಡ್‌ನಲ್ಲಿ ಎಡವಿದ್ದೀಯ. ನಿನ್ನ ಚಿತ್ರದಲ್ಲಿ 20 ಚುಕ್ಕಿಗಳಿವೆ, ಇರಬೇಕಾದದ್ದು 16. ಕಾರ್ಬನ್‌ಗೆ ಎಂಟು ಆಗಲಿಲ್ಲ ಅಂತ ಅದರ ಮೇಲೊಂದು ಜೋಡಿ, ಕೆಳಗೊಂದು ಜೋಡಿ ಸುಮ್ನೆ ಸೇರಿಸಿಬಿಟ್ಟಿದ್ದೀಯ, ಅಲ್ವಾ? ತುಂಬಾ ಮಕ್ಕಳು ಮಾಡೋದು ಇದನ್ನೇ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ನಿನ್ನ ಅಜ್ಜಿ ಹೇಳುತ್ತಿರುತ್ತಾರಲ್ಲ, ಇಲ್ಲೂ ಹಾಗೇ. ಪೆನ್ಸಿಲ್ ಹಿಡಿಯುವ ಮೊದಲೇ ಹೊರಕವಚದ ಎಲೆಕ್ಟ್ರಾನ್‌ಗಳನ್ನು ಕೂಡಿಸಿ ಪುಟದ ಮೂಲೆಯಲ್ಲಿ ಬರೆದುಕೋ. ಕಾರ್ಬನ್‌ದು 4, ಎರಡು ಆಕ್ಸಿಜನ್‌ದು 12, ಒಟ್ಟು 16. ಮುಗಿಯುವವರೆಗೂ ಆ ಸಂಖ್ಯೆ ಬದಲಾಗಬಾರದು.

ಈಗ ಕಾರ್ಬನ್ ಮಧ್ಯೆ ಇಡು. ಎರಡೂ ಕಡೆ ಆಕ್ಸಿಜನ್‌ಗೆ ಒಂದೊಂದು ಜೋಡಿಯಿಂದ ಬಂಧ ಹಾಕು. 4 ಖರ್ಚಾಯಿತು, 12 ಉಳಿಯಿತು. ಅದನ್ನು ಮೊದಲು ಹೊರಗಿನವರಿಗೇ ಹಂಚಬೇಕು, ಒಂದೊಂದು ಆಕ್ಸಿಜನ್‌ಗೆ 6. ಅಲ್ಲಿಗೆ ಕೈ ಖಾಲಿ. ಆಕ್ಸಿಜನ್‌ಗಳಿಗೆ ಎಂಟೆಂಟು ಸಿಕ್ಕಿತು, ಕಾರ್ಬನ್ ಪಾಲಿಗೆ ನಾಲ್ಕೇ. ಹೊಸ ಚುಕ್ಕಿ ತರುವ ಹಾಗಿಲ್ಲ. ಅದಕ್ಕೇ ಪ್ರತಿ ಆಕ್ಸಿಜನ್ನಿನ ಒಂದು ಒಂಟಿ ಜೋಡಿಯನ್ನು, ಅಂದರೆ ಬಂಧದಲ್ಲಿ ಸೇರದ ಜೋಡಿಯನ್ನು, ಬಂಧದ ಜಾಗಕ್ಕೆ ಸರಿಸು. ಎರಡೂ ಕಡೆ ದ್ವಿಬಂಧ ಆಯಿತು, ಎಲ್ಲರಿಗೂ ಎಂಟು. ಮತ್ತೆ ಎಣಿಸಿ ನೋಡು, 16 ಹಾಗೇ ಇದೆ.

ನೀನು ವಾದ ಮಾಡುವವಳು. ಒಂದು ಕಡೆ ತ್ರಿಬಂಧ, ಇನ್ನೊಂದು ಕಡೆ ಏಕಬಂಧ ಹಾಕಿದರೂ 16 ಬರುತ್ತದಲ್ಲ ಅಂತ ಕೇಳುತ್ತೀಯ. ಬರುತ್ತದೆ, ಎಂಟೂ ಆಗುತ್ತದೆ. ಅಲ್ಲಿ ಫಾರ್ಮಲ್ ಚಾರ್ಜ್, ಅಂದರೆ ಒಂದೊಂದು ಪರಮಾಣುವಿನ ಪಾಲಿಗೆ ಲೆಕ್ಕದಲ್ಲಿ ಬರುವ ವಿದ್ಯುದಾವೇಶ, ನೋಡಬೇಕು. ಪರಮಾಣು ತಂದ ಎಲೆಕ್ಟ್ರಾನ್‌ಗಳಿಂದ ಅದರ ಒಂಟಿ ಚುಕ್ಕಿಗಳನ್ನೂ ಬಂಧದ ಚುಕ್ಕಿಗಳಲ್ಲಿ ಅರ್ಧವನ್ನೂ ಕಳೆ. ತ್ರಿಬಂಧದ ಆಕ್ಸಿಜನ್‌ಗೆ 6ರಲ್ಲಿ 2, ಮತ್ತೆ 3 ಹೋಗಿ ಪ್ಲಸ್ 1. ಏಕಬಂಧದ ಆಕ್ಸಿಜನ್‌ಗೆ 6ರಲ್ಲಿ 6, ಮತ್ತೆ 1 ಹೋಗಿ ಮೈನಸ್ 1. ಎರಡು ದ್ವಿಬಂಧ ಹಾಕಿದರೆ ಎಲ್ಲ ಕಡೆ ಸೊನ್ನೆ. ಆ ಚಿತ್ರವನ್ನೇ ಆರಿಸು.

ಇನ್ನು ಚಿಕ್ಕಪುಟ್ಟವು. ಹೈಡ್ರೋಜನ್‌ಗೆ ಎರಡೇ ಸಾಕು, ಅದನ್ನು ಮಧ್ಯೆ ಕೂರಿಸಬೇಡ. ಅಯಾನಿನಲ್ಲಿ, ಅಂದರೆ ವಿದ್ಯುದಾವೇಶ ಇರುವ ಕಣದಲ್ಲಿ, ಪ್ಲಸ್ ಕಂಡರೆ ಚುಕ್ಕಿ ಕಳೆಯಬೇಕು, ಮೈನಸ್ ಕಂಡರೆ ಕೂಡಿಸಬೇಕು. ಅಮೋನಿಯಂ ಅಯಾನಿನಲ್ಲಿ ನೈಟ್ರೋಜನ್‌ದು 5, ನಾಲ್ಕು ಹೈಡ್ರೋಜನ್‌ದು 4 ಸೇರಿ 9, ಅದರಲ್ಲಿ ಒಂದು ಹೋಗಿ 8. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಪರಮಾಣುವಿಗೆ ಚುಕ್ಕಿ, ಇನ್ನೊಂದಕ್ಕೆ ಗುಣಿಸು ಗುರುತು ಹಾಕುತ್ತಿದ್ದೆಯಲ್ಲ, ಪಿಯುಸಿಗೆ ಬಂದ ಮೇಲೆ ಅದನ್ನು ಬಿಡು. ಹಂಚಿಕೊಂಡ ಎಲೆಕ್ಟ್ರಾನಿಗೆ ತಾನು ಯಾವ ಮನೆಯದು ಅನ್ನೋ ನೆನಪಿರುವುದಿಲ್ಲ.

ಈ ಚುಕ್ಕಿಗಳನ್ನು ಬಳಕೆಗೆ ತಂದದ್ದು ಅಮೆರಿಕದ ಗಿಲ್ಬರ್ಟ್ ಲೂಯಿಸ್, 1916ರಲ್ಲಿ. ಪರಮಾಣುವನ್ನು ಒಂದು ಘನ ಅಂದುಕೊಂಡು ಎಂಟು ಮೂಲೆಗೆ ಎಂಟು ಎಲೆಕ್ಟ್ರಾನ್ ಕೂರಿಸುವ ಯೋಚನೆ 1902ರಿಂದಲೇ ಅವರ ತಲೆಯಲ್ಲಿತ್ತು. ಎರಡು ಘನಗಳು ಅಂಚಿನಲ್ಲಿ ಕೂಡಿದರೆ ಏಕಬಂಧ, ಮುಖಕ್ಕೆ ಮುಖ ಕೂಡಿದರೆ ದ್ವಿಬಂಧ. ತ್ರಿಬಂಧಕ್ಕೆ ಮಾತ್ರ ಘನ ಒಗ್ಗಲಿಲ್ಲ. ನನಗಂತೂ ಈ ಕಥೆಯನ್ನು ಪಾಠದಲ್ಲಿ ಹೇಳಲೇಬೇಕು ಅನಿಸುತ್ತದೆ. ಎಂಟರ ಲೆಕ್ಕ ಆಕಾಶದಿಂದ ಉದುರಿದ್ದಲ್ಲ ಅಂತ ಆಗ ಮಕ್ಕಳಿಗೆ ಗೊತ್ತಾಗುತ್ತದೆ.

ಎಂಟರ ಲೆಕ್ಕಕ್ಕೋ ಚುಕ್ಕಿ ಚಿತ್ರಕ್ಕೋ ಒಗ್ಗದವೂ ಇವೆ. ನೈಟ್ರಿಕ್ ಆಕ್ಸೈಡ್‌ನಲ್ಲಿ ಒಟ್ಟು 11, ಒಂದು ಚುಕ್ಕಿ ಜೋಡಿಯಿಲ್ಲದೆಯೇ ಉಳಿಯುತ್ತದೆ. ಆಕ್ಸಿಜನ್ ಅಣುವಿನ ಚಿತ್ರ ನೋಡಿದರೆ ಎಲ್ಲವೂ ಜೋಡಿ ಜೋಡಿ, ಆದರೆ ದ್ರವ ಆಕ್ಸಿಜನ್ ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಅದರಲ್ಲಿ ಜೋಡಿಯಾಗದ ಎಲೆಕ್ಟ್ರಾನ್ ಎರಡಿವೆ, ಅದನ್ನು ನಮ್ಮ ಚುಕ್ಕಿಗಳು ತೋರಿಸಲಾರವು. ಮುಂದೆ ಆಣ್ವಿಕ ಕಕ್ಷಕದ ಪಾಠದಲ್ಲಿ ಕಾರಣ ಬರುತ್ತದೆ. ಅಲ್ಲಿವರೆಗೆ ತಲೆ ಕೆಡಿಸಿಕೊಳ್ಳಬೇಡ.

ಭಾನುವಾರದ ಒಳಗೆ ನೈಟ್ರೇಟ್ ಅಯಾನು ಬರೆದು ಕಳಿಸು. ಮೂಲೆಯಲ್ಲಿ 24 ಅಂತ ಬರೆದಿರಬೇಕು. ದ್ವಿಬಂಧವನ್ನು ಮೂರು ಆಕ್ಸಿಜನ್‌ಗಳಲ್ಲಿ ಯಾವುದಕ್ಕೆ ಹಾಕೋದು ಅಂತ ಗೊಂದಲ ಆದರೆ ಮೂರು ಚಿತ್ರವನ್ನೂ ಬರೆ, ಫೋನ್‌ನಲ್ಲಿ ಮಾತಾಡೋಣ.

ನಿನ್ನ ದೊಡ್ಡಪ್ಪ