ಹೆಗಲು ನೋವಿಗೆ ತೀಡುವುದೂ ಬೇಡ, ಜೋಲಿಯೂ ಬೇಡ

ಮಾನ್ಯ ಸಂಪಾದಕರೇ,

ಕಬ್ಬಿನ ಕಟ್ಟು ಹೊತ್ತು ಲಾರಿಗೆ ತುಂಬುವವರು, ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ತಿರುವುವವರು, ಗೋಡೆಗೆ ಬಣ್ಣ ಬಳಿಯುವವರು, ಮಂಡ್ಯದಿಂದ ಮೈಸೂರಿಗೆ ದಿನವೂ ಬಸ್ಸಿನ ಮೇಲಿನ ಕಂಬಿ ಹಿಡಿದು ನಿಂತೇ ಓಡಾಡುವವರು, ಹಬ್ಬ ಬಂತೆಂದರೆ ಅಟ್ಟದ ಡಬ್ಬಗಳನ್ನೆಲ್ಲ ಇಳಿಸಿ ಧೂಳು ಹೊಡೆಯುವ ಹೆಣ್ಣುಮಕ್ಕಳು. ಇವರ ಬಾಯಲ್ಲಿ ಬರುವ ದೂರು ಒಂದೇ: ‘ರಟ್ಟೆ ಸಿಡೀತದೆ, ಕೈ ಮೇಲೆತ್ತಕ್ಕಾಯ್ತಿಲ್ಲ, ರಾತ್ರಿ ಆ ಮಗ್ಗುಲಾದ್ರೆ ನಿದ್ದೆ ಇಲ್ಲ.’ ಇದಕ್ಕೆ ನಮ್ಮ ಕಡೆ ಎರಡು ಮದ್ದು ರೂಢಿಯಲ್ಲಿವೆ. ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ಬಲವಾಗಿ ತೀಡಿಸುವುದು ಒಂದು, ಕೈಯನ್ನು ಕೊರಳಿಗೆ ಜೋಲಿ ಕಟ್ಟಿ ವಾರಗಟ್ಟಲೆ ಅಲುಗಾಡಿಸದಿರುವುದು ಇನ್ನೊಂದು. ನೋವು ಹೆಗಲಿನೊಳಗಿನ ತೆಳು ಚೀಲ ಊದಿಕೊಳ್ಳುವ ಬರ್ಸೈಟಿಸ್‌ನದ್ದಾಗಿದ್ದರೆ ಎರಡರಿಂದಲೂ ಕೇಡೇ ಹೆಚ್ಚು.

ಹೆಗಲ ತುದಿಯನ್ನು ಬೆರಳಿನಿಂದ ಒತ್ತಿದರೆ ಗಟ್ಟಿಯಾದ ಮೂಳೆಯ ಚಾಚು ಸಿಗುತ್ತದೆ. ಅಕ್ರೋಮಿಯನ್ ಎಂಬ ಈ ಚಾಚು ಹೆಗಲ ಕೀಲಿಗೆ ಮೇಲ್ಚಾವಣಿ ಇದ್ದಂತೆ. ಅದರ ಕೆಳಗೆ ತೋಳಿನ ಮೂಳೆಯ ಗುಂಡು ತಲೆ ಇದೆ. ಇವೆರಡರ ನಡುವಿನ ಸಂದಿ ಸುಮಾರು ಒಂದು ಸೆಂಟಿಮೀಟರ್, ಅಷ್ಟೇ. ತೋಳನ್ನು ಎತ್ತುವ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಹುರಿ, ಹಾದುಹೋಗುವುದು ಇದೇ ಸಂದಿಯಲ್ಲಿ. ಅದು ಮೂಳೆಗೆ ಉಜ್ಜದಂತೆ ಮೇಲೊಂದು ತೆಳ್ಳನೆಯ ಚೀಲವಿದೆ, ಅದೇ ಬರ್ಸಾ. ಎಣ್ಣೆ ಸವರಿದ ಎರಡು ಪ್ಲಾಸ್ಟಿಕ್ ಹಾಳೆಗಳು ಒಂದರ ಮೇಲೊಂದು ಜಾರುವಂತೆ ಅದರ ಎರಡು ಪದರಗಳು ಜಾರುತ್ತವೆ. ಗುಂಡು ತಲೆಯನ್ನು ಅದರ ಗುಳಿಯಲ್ಲಿ ಹದವಾಗಿ ಹಿಡಿದಿಡುವುದು ರೊಟೇಟರ್ ಕಫ್ ಎಂಬ ನಾಲ್ಕು ಸ್ನಾಯುಗಳ ಕೆಲಸ. ದಿನವಿಡೀ ಕೈ ಮೇಲೆತ್ತಿ ದುಡಿದು ಈ ನಾಲ್ಕು ದಣಿದರೆ ತಲೆ ಮೇಲಕ್ಕೆ ಸರಿಯುತ್ತದೆ, ಚೀಲ ಹಿಸುಕಿಕೊಂಡು ಊದುತ್ತದೆ. ಊದಿದ ಚೀಲಕ್ಕೆ ಆ ಸಂದಿ ಇನ್ನೂ ಕಿರಿದಾಗುತ್ತದೆ. ಹೀಗೆ ಊದಿರುವುದನ್ನೇ ಹೆಬ್ಬೆರಳಿನಿಂದ ಒತ್ತಿ ತೀಡಿದರೆ ನೋವು ಇಳಿಯುವುದು ಹೇಗೆ? ಜೋಲಿ ಕಟ್ಟಿ ಕೂತರೆ ಮೊದಲೇ ಸೋತ ಸ್ನಾಯು ಇನ್ನಷ್ಟು ಸೋಲುತ್ತದೆ, ಕೀಲೂ ಬಿಗಿದುಕೊಳ್ಳುತ್ತದೆ.

ಗುರುತು ಹಿಡಿಯುವುದು ತೀರಾ ಕಷ್ಟವಲ್ಲ. ಕೈಯನ್ನು ಪಕ್ಕದಿಂದ ನಿಧಾನವಾಗಿ ಎತ್ತುತ್ತಾ ಹೋದರೆ ಸುಮಾರು 60 ಡಿಗ್ರಿಯವರೆಗೆ ಏನೂ ಇರುವುದಿಲ್ಲ. ಅಲ್ಲಿಂದ 120 ಡಿಗ್ರಿವರೆಗೆ ಚುಚ್ಚುತ್ತದೆ, ಅದನ್ನು ದಾಟಿದರೆ ಮತ್ತೆ ಹಗುರಾಗುತ್ತದೆ. ನೋವು ಕಾಣಿಸಿಕೊಳ್ಳುವುದು ಹೆಗಲ ತುದಿಗಿಂತ ಹೆಚ್ಚಾಗಿ ರಟ್ಟೆಯ ಹೊರಮೈಯಲ್ಲಿ. ಇದನ್ನು ಫ್ರೋಜನ್ ಶೋಲ್ಡರ್ (ಹೆಗಲ ಕೀಲೇ ಬಿಗಿದುಕೊಳ್ಳುವ ತೊಂದರೆ) ಜೊತೆ ಬೆರೆಸಿಕೊಳ್ಳುವವರು ಬಹಳ. ಮೊಣಕೈಯನ್ನು ಮಡಚಿ ಪಕ್ಕೆಗೆ ಒತ್ತಿಟ್ಟುಕೊಂಡು, ಮುಂಗೈಯನ್ನು ಹೊರಕ್ಕೆ ತಿರುಗಿಸಲು ಮನೆಯವರಿಗೆ ಹೇಳಿ. ಅವರು ಮೆಲ್ಲಗೆ ತಿರುಗಿಸಿದಾಗ ಕೈ ಸಲೀಸಾಗಿ ತಿರುಗಿದರೆ ಬರ್ಸಾ ಅಥವಾ ಸ್ನಾಯುರಜ್ಜಿನ ತೊಂದರೆ ಇರಬಹುದು. ಅವರು ತಿರುಗಿಸಿದರೂ ಬಾಗಿಲಿಗೆ ಚಿಲಕ ಹಾಕಿದಂತೆ ನಿಂತುಬಿಟ್ಟರೆ ಕೀಲೇ ಬಿಗಿದಿದೆ, ಅದರ ಚಿಕಿತ್ಸೆಯ ದಾರಿ ಬೇರೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಎರಡನೆಯದು ಹೆಚ್ಚು. ನೋವು ಮೊಣಕೈ ದಾಟಿ ಬೆರಳುಗಳಲ್ಲಿ ಜುಮ್ಮೆನ್ನುತ್ತಿದ್ದರೆ ಕುತ್ತಿಗೆಯನ್ನು ಪರೀಕ್ಷಿಸಬೇಕು. ಇನ್ನು, ಹೆಗಲು ಕೆಂಪಾಗಿ ಬಿಸಿಯಾಗಿ ಜ್ವರ ಬಂದರೆ, ಬಿದ್ದ ಮೇಲೆ ಕೈ ಎತ್ತಲು ಬಲವೇ ಇಲ್ಲದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ನಡೆಯುವಾಗ, ಮೆಟ್ಟಿಲು ಹತ್ತುವಾಗ ಎಡ ಹೆಗಲು ನೋವಿನ ಜೊತೆ ಬೆವರು, ಏದುಸಿರು ಬಂದರೆ ಅದು ಹೃದಯದ್ದಿರಬಹುದು. ಆಗ ಒಂದು ಗಳಿಗೆಯೂ ಕಾಯಬಾರದು.

ಎಕ್ಸ್‌ರೇಯಲ್ಲಿ ಮೂಳೆ, ಸುಣ್ಣದ ಅಂಶ ಕಾಣುತ್ತದೆಯೇ ಹೊರತು ಬರ್ಸಾ ಕಾಣುವುದಿಲ್ಲ. ‘ಎಕ್ಸ್‌ರೇ ನಾರ್ಮಲ್, ಹಾಗಾದರೆ ನೋವು ಎಲ್ಲಿಂದ?’ ಎಂದು ಕಂಗಾಲಾಗಬೇಕಿಲ್ಲ. ಹಾಗೆಂದು ಮೊದಲ ದಿನವೇ ಎಂಆರ್‌ಐಗೆ ಹಣ ಸುರಿಯುವುದೂ ಬೇಡ. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಸಣ್ಣಪುಟ್ಟ ಸವೆತ, ಹರಿದ ಗುರುತು ಕಾಣಿಸುವುದುಂಟು.

ಮೊದಲ ಒಂದು ವಾರ, ಹತ್ತು ದಿನ ಹೆಗಲಿಗಿಂತ ಮೇಲೆ ಕೈ ಹೋಗುವ ಕೆಲಸ ನಿಲ್ಲಿಸಬೇಕು, ಉಳಿದ ಕೆಲಸಕ್ಕೆ ಕೈ ಬಳಸುತ್ತಲೇ ಇರಬೇಕು. ಬಟ್ಟೆಯಲ್ಲಿ ಸುತ್ತಿದ ಐಸನ್ನು 10ರಿಂದ 15 ನಿಮಿಷ ಇಟ್ಟರೆ ನೋವು ತಗ್ಗುತ್ತದೆ. ಮಲಗುವಾಗ ಅಂಗಾತ ಮಲಗಿ ಮೊಣಕೈ ಕೆಳಗೆ ಒಂದು ದಿಂಬು ಕೊಡಿ. ಮಗ್ಗುಲಾಗಿಯೇ ಮಲಗುವವರು ನೋವಿಲ್ಲದ ಕಡೆ ಮಲಗಿ ದಿಂಬನ್ನು ಅಪ್ಪಿಕೊಳ್ಳಿ. ಇದೇ ದಿನಗಳಲ್ಲಿ ಲೋಲಕದ ವ್ಯಾಯಾಮ ಶುರುಮಾಡಬಹುದು: ನೋವಿಲ್ಲದ ಕೈಯನ್ನು ಮೇಜಿಗೆ ಊರಿ, ಸೊಂಟದಲ್ಲಿ ಬಾಗಿ, ನೋವಿನ ಕೈಯನ್ನು ಇಳಿಬಿಟ್ಟು ಒಂದೆರಡು ನಿಮಿಷ ತೂಗಾಡಿಸುವುದು, ದಿನಕ್ಕೆ ಮೂರು ಸಲ. ತೂಗಬೇಕಾದ್ದು ಮೈ, ಕೈ ಅದರ ಹಿಂದೆ ತಾನಾಗಿ ಬರಬೇಕು. ರಟ್ಟೆಯ ಬಲದಿಂದ ಗಿರಗಿರನೆ ತಿರುಗಿಸಿದರೆ ದಣಿದ ಸ್ನಾಯುವಿಗೆ ಮತ್ತೆ ಕೂಲಿ ಹಚ್ಚಿದ ಹಾಗಾಯಿತು.

ನಿಜವಾದ ಚಿಕಿತ್ಸೆ ಇದರ ನಂತರದ್ದು. ಟವೆಲನ್ನು ಸುರುಳಿ ಮಾಡಿ ಮೊಣಕೈ ಮತ್ತು ಪಕ್ಕೆಯ ನಡುವೆ ಇಟ್ಟುಕೊಳ್ಳಿ. ಮೊಣಕೈ 90 ಡಿಗ್ರಿಗೆ ಮಡಚಿ, ಅಂಗೈಯ ಹಿಂಬದಿಯನ್ನು ಬಾಗಿಲ ಚೌಕಟ್ಟಿಗೆ ತಾಗಿಸಿ ಹೊರಕ್ಕೆ ಒತ್ತಿ. ಪೂರ್ತಿ ಬಲ ಬೇಡ, ಮೂರರಲ್ಲಿ ಒಂದು ಪಾಲು ಸಾಕು. ಐದು ಸೆಕೆಂಡು ಹಿಡಿದು ಬಿಡಿ, ಹತ್ತು ಸಲ. ಕೈ ಅಲುಗುವುದಿಲ್ಲ, ಸ್ನಾಯು ಮಾತ್ರ ದುಡಿಯುತ್ತದೆ. ಇದು ಸಲೀಸಾದ ಮೇಲೆ ಅದೇ ಭಂಗಿಯಲ್ಲಿ ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು, ಹತ್ತರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಅಂಗಡಿಯ ಪಟ್ಟಿಯೇ ಆಗಬೇಕಿಲ್ಲ. ಸೈಕಲ್ಲಿನ ಹಳೇ ಟ್ಯೂಬನ್ನು ಉದ್ದಕ್ಕೆ ಸೀಳಿ ಕಿಟಕಿಯ ಸರಳಿಗೆ ಕಟ್ಟಿಕೊಂಡರೂ ನಡೆಯುತ್ತದೆ, ಎಳೆಯುವ ಮುನ್ನ ಬಿರುಕಿದೆಯೇ ನೋಡಿಕೊಳ್ಳಿ. ನೋವಿಲ್ಲದ ಮಗ್ಗುಲಿಗೆ ಮಲಗಿ, ನೋವಿನ ಕೈಯ ಮೊಣಕೈಯನ್ನು ಹಾಗೇ ಮಡಚಿ ಪಕ್ಕೆಗಿಟ್ಟು, ಅರ್ಧ ಲೀಟರಿನ ನೀರಿನ ಬಾಟಲಿಯನ್ನು ಎತ್ತಿ ಇಳಿಸುವುದೂ ಇದೇ ಸ್ನಾಯುಗಳಿಗೆ, ತೂಕ ಅರ್ಧ ಕೆ.ಜಿ. ಆಯಿತು. ಇಳಿಸುವಾಗ ಮೂರು ಎಣಿಸುವಷ್ಟು ನಿಧಾನ ಇರಲಿ.

ಎಡವಟ್ಟಾಗುವುದು ಮುಖ್ಯವಾಗಿ ಎರಡು ಕಡೆ. ಟವೆಲ್ ಜಾರಿಬಿದ್ದರೆ ಮೊಣಕೈ ಪಕ್ಕೆ ಬಿಟ್ಟಿದೆ ಎಂದರ್ಥ, ಬೇರೆ ಸ್ನಾಯು ಕೆಲಸ ಕದಿಯುತ್ತಿದೆ. ಹೆಗಲು ಕಿವಿಯತ್ತ ಏರಿದರೆ ಭಾರ ಹೆಚ್ಚಾಗಿದೆ, ಇಳಿಸಬೇಕು. ವ್ಯಾಯಾಮದಲ್ಲಿ ಸ್ವಲ್ಪವೂ ನೋವಾಗಬಾರದು ಎಂದೇನಿಲ್ಲ. ಹತ್ತಕ್ಕೆ ಮೂರು–ನಾಲ್ಕರಷ್ಟು ನೋವು ಬಂದು ಮರುದಿನ ಬೆಳಗಿನೊಳಗೆ ತಗ್ಗಿದರೆ ಮುಂದುವರಿಸಬಹುದು. ಅಂದಿನ ರಾತ್ರಿ ನಿದ್ದೆ ಕೆಟ್ಟರೆ ಮಾತ್ರ ಮುಂದಿನ ಸಲ ಅರ್ಧಕ್ಕೆ ಇಳಿಸಿ.

ಹೆಚ್ಚಿನವರು ಸೋಲುವುದು ಎರಡು–ಮೂರು ವಾರಕ್ಕೆ ನೋವು ತಗ್ಗಿದ ಕೂಡಲೇ ಬಿಟ್ಟುಬಿಡುವುದರಿಂದ. ನೋವು ಇಳಿಯುವ ವೇಗಕ್ಕೆ ಸ್ನಾಯುವಿನ ಬಲ ಬರುವುದಿಲ್ಲ, ಅದಕ್ಕೆ 6ರಿಂದ 12 ವಾರ ಬೇಕು. ಕೈ ಮೇಲೆತ್ತುವ ವ್ಯಾಯಾಮಗಳನ್ನು ಕೊನೆಯ ಹಂತದಲ್ಲಿ ಸೇರಿಸಿ, ಆಮೇಲೆ ಕೆಲಸದ ಹೊರೆಯನ್ನು ಏರಿಸಬೇಕು. ಮೊದಲ ದಿನವೇ ಲಾರಿ ತುಂಬಲು ಹೋದರೆ ಚೀಲ ಮತ್ತೆ ಊದುತ್ತದೆ.

ಇಂಜೆಕ್ಷನ್ ಬಗ್ಗೆ ಒಂದು ಮಾತು. ನೋವಿನಿಂದ ನಿದ್ದೆಯೇ ಇಲ್ಲದವರಿಗೆ ಸ್ಟಿರಾಯ್ಡ್ ಸೂಜಿ ಕೆಲವು ವಾರ ಆರಾಮ ಕೊಡಬಹುದು, ಆ ಬಿಡುವಿನಲ್ಲಿ ವ್ಯಾಯಾಮ ಮಾಡಿದವರಿಗೇ ಅದರ ಲಾಭ. ಸಕ್ಕರೆ ಕಾಯಿಲೆ ಇದ್ದರೆ ಸೂಜಿಯ ನಂತರ ಕೆಲವು ದಿನ ಸಕ್ಕರೆ ಏರುತ್ತದೆ, ವೈದ್ಯರಿಗೆ ಮೊದಲೇ ತಿಳಿಸಿ. ಮೇಲಿಂದ ಮೇಲೆ ಹಾಕಿಸಿಕೊಂಡರೆ ಸ್ನಾಯುರಜ್ಜು ಬಲಗುಂದುವ ಅಪಾಯವಿದೆ. ಇನ್ನು ಅಕ್ರೋಮಿಯನ್ ಮೂಳೆಯನ್ನು ತುರಿದು ಜಾಗ ಮಾಡುವ ಶಸ್ತ್ರಚಿಕಿತ್ಸೆ. 2018ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು ಇದನ್ನು ಮಾಡಿಸಿಕೊಂಡವರನ್ನೂ, ಒಳಗೆ ಕ್ಯಾಮೆರಾ ಇಟ್ಟು ನೋಡಿ ಏನೂ ತುರಿಯದೆ ಬಿಟ್ಟವರನ್ನೂ ಹೋಲಿಸಿತು. ಇಬ್ಬರ ನೋವಿನಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಫಿಸಿಯೊಥೆರಪಿಸ್ಟರಾದ ನಮ್ಮ ವೃತ್ತಿಯ ಕಡೆಯ ತಪ್ಪನ್ನೂ ಹೇಳಬೇಕು. ಹತ್ತು ದಿನ ‘ಕರೆಂಟು’ ಕೊಟ್ಟು, ಅಲ್ಟ್ರಾಸೌಂಡ್ ತಿರುವಿ ಕಳಿಸುವುದನ್ನೇ ಫಿಸಿಯೊಥೆರಪಿ ಎಂದು ಜನ ನಂಬಿದ್ದರೆ ಅದಕ್ಕೆ ನಾವೇ ಕಾರಣ. ಯಂತ್ರದಿಂದ ಸ್ವಲ್ಪ ಹೊತ್ತು ಹಿತವೆನಿಸಬಹುದು, ಸೋತ ಸ್ನಾಯುವಿಗೆ ಬಲ ಬರುವುದಿಲ್ಲ. ಚಿಕಿತ್ಸೆಗೆ ಹೋದವರು ‘ಮನೆಯಲ್ಲಿ ನಾನು ಏನು ಮಾಡಬೇಕು, ಎಷ್ಟು ಸಲ?’ ಎಂದು ಕೇಳಿ, ಚೀಟಿಯಲ್ಲಿ ಬರೆಸಿಕೊಂಡೇ ಏಳಬೇಕು.

ತಮ್ಮ ಆರೋಗ್ಯ ಪುಟದಲ್ಲಿ ಈ ವ್ಯಾಯಾಮಗಳ ಚಿತ್ರ ಹಾಕಿದರೆ ಹಳ್ಳಿಯ ಓದುಗರಿಗೆ ಬಹಳ ಉಪಕಾರ. ಹಾಕುವುದಾದರೆ ಮೊಣಕೈ ಮತ್ತು ಟವೆಲ್ ಸ್ಪಷ್ಟವಾಗಿ ಕಾಣುವಂತೆ, ಪಕ್ಕದಿಂದಲ್ಲ, ಎದುರಿನಿಂದ ತೆಗೆದ ಚಿತ್ರವೇ ಇರಲಿ.

– ಫಿಸಿಯೊಥೆರಪಿಸ್ಟರು, ಮಂಡ್ಯ